ನೀರಗಂಟಿ ಚಿಕ್ಕಮಾದನ ಎಡೆ

ಶಿವಲಿಂಗಯ್ಯನಿಗೂ ಕುಳ್ಳಯ್ಯನಿಗೂ ಸ್ನೇಹ ಶುರುವಾದದ್ದು ಜಗಳದಿಂದ. ಶಿವಲಿಂಗಯ್ಯ ಮೇಷ್ಟ್ರಾಗಿ ಬಾಬುರಾಯನಕೊಪ್ಪಲಿಗೆ ಬಂದ ಮೊದಲ ವರ್ಷ. ಬಾಡಿಗೆ ಮನೆಯ ಹಿತ್ತಲಲ್ಲಿ ಹಾಕಿದ್ದ ಬದನೆ ಪಾತಿಗೆ ಒಂದು ಬೆಳಿಗ್ಗೆ ನಾಲೆ ನೀರು ನುಗ್ಗಿತ್ತು. ಪಂಚೆ ಎತ್ತಿ ಕಟ್ಟಿಕೊಂಡು ನಾಲೆಯ ಏರಿ ಹತ್ತಿ, ತೂಬಿನ ಬಳಿ ನಿಂತಿದ್ದ ಕುಳ್ಳನೆಯ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದ. ಆತ ಎಲ್ಲವನ್ನೂ ಕೇಳಿಸಿಕೊಂಡು, "ಮೇಷ್ಟ್ರೇ, ನೀವು ಬದ್ನೆ ಆಕಿರೋದೇ ನೀರಿನ ದಾರೀಲಿ. ಅದಕ್ಕೆ ಬಾಯಿದ್ದಿದ್ರೆ ಅದು ನಿಮ್ಮನ್ನ ಬೈತಿತ್ತು," ಎಂದ. ಶಿವಲಿಂಗಯ್ಯನಿಗೆ ಸಿಟ್ಟಿನ ನಡುವೆಯೇ ನಗು ಬಂತು. ಸಂಜೆ ಆತನೇ ಬಂದು, ಗುದ್ದಲಿ ಹಿಡಿದು, ಪಾತಿಯನ್ನು ಮಾರುದ್ದ ಆಚೆಗೆ ಕಟ್ಟಿಕೊಟ್ಟು ಹೋದ.

ಕುಳ್ಳಯ್ಯ ನೀರಾವರಿ ಇಲಾಖೆಯಲ್ಲಿ ಸೌಡಿ. ನಾಲೆಯ ತೂಬುಗಳನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವ ದಿನ ನೀರು ಎಂದು ಸರದಿ ನಡೆಸುವ ಕೆಲಸ. ಓದು ಬರಹ ಇರಲಿಲ್ಲ. ಒಂದು ಕೋಲಿನ ತುದಿಯನ್ನು ತೂಬಿನ ಕಲ್ಲಿಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೀರು ಎಷ್ಟು ಬೆರಳು ಹರಿಯುತ್ತಿದೆ ಎಂದು ಹೇಳುತ್ತಿದ್ದ. ಇಂಜಿನಿಯರು ಅಳತೆಪಟ್ಟಿ ಇಳಿಬಿಟ್ಟು ನೋಡಿದರೆ ಅರ್ಧ ಬೆರಳೂ ತಪ್ಪಿರುತ್ತಿರಲಿಲ್ಲ. ಮಳೆ ಹಿಡಿಯಿತೆಂದರೆ ಮಾತ್ರ ಅವನು ಬೇರೆ ಮನುಷ್ಯನಾಗುತ್ತಿದ್ದ. ಗೋಣಿಕೊಪ್ಪೆ ಹೊದ್ದು ಏರಿಯ ಮೇಲೆ ಕೂತರೆ ಮಳೆ ನಿಲ್ಲುವವರೆಗೂ ಏಳುತ್ತಿರಲಿಲ್ಲ. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಮುದ್ದೆಯ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲಿಗೇ ತಂದುಕೊಡುತ್ತಿದ್ದಳು. "ಸರ್ಕಾರದೋರು ಇವ್ರ ಎಸ್ರಿಗೇ ನಾಲೆ ಬರ್ದುಕೊಟ್ಟವ್ರೆ ನೋಡಿ ಮೇಷ್ಟ್ರೇ," ಎಂದು ಬೈದುಕೊಳ್ಳುತ್ತಿದ್ದಳು.

ಅಂಥ ಒಂದು ಮಳೆಯ ಮಧ್ಯಾಹ್ನ ಶಿವಲಿಂಗಯ್ಯ ಛತ್ರಿ ಹಿಡಿದು ಅವನ ಪಕ್ಕ ನಿಂತು ಕೇಳಿದ: "ಇಲಾಖೆಯವರು ಕೂತಿರು ಅಂತ ಹೇಳಿದಾರೇನಯ್ಯ?"

"ಇಲ್ಲ."

"ಮತ್ತೆ ಯಾಕೆ?"

ಕುಳ್ಳಯ್ಯ ನೀರನ್ನು ನೋಡುತ್ತಲೇ ಹೇಳಿದ: "ನಮ್ಮಪ್ಪ ಒಂದ್ ದಿನ ಕೂರ್ನಿಲ್ಲ ಮೇಷ್ಟ್ರೇ. ಒಂದೇ ಒಂದ್ ದಿನ."

ಉಳಿದದ್ದನ್ನು ಹೇಳಲು ಅವನಿಗೆ ಮುಂದೆ ಹಲವು ವರ್ಷ ಬೇಕಾಯಿತು.

ಅವನ ಊರು ನಾಗಮಂಗಲ ತಾಲ್ಲೂಕಿನ ಗೊರವನಕಟ್ಟೆ. ಬಿಂಡಿಗನವಿಲೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಅವನ ಮನೆತನದವರು ಆ ಊರ ಕೆರೆಗೆ ನೀರಗಂಟಿಗಳು. ತೂಬು ತೆಗೆದು ಮುಚ್ಚುವುದು, ಗದ್ದೆಗಳಿಗೆ ನೀರು ಹಂಚುವುದು, ಮಳೆಗಾಲದಲ್ಲಿ ಏರಿ ಕಾಯುವುದು ಅವರ ಪಾಲಿನ ಕೆಲಸ; ಸುಗ್ಗಿಯಲ್ಲಿ ಕಣದಿಂದ ಅವರಿಗೆ ಕಾಳು. ಮೂವತ್ತಾರನೇ ಇಸವಿಯ ಭಾದ್ರಪದದಲ್ಲಿ, ಕೆರೆ ಮೊದಲೇ ತುಂಬಿದ್ದಾಗ, ಮಳೆ ಎರಡು ದಿನ ಬಿಡದೆ ಹೊಯ್ಯಿತು. ಹೆಚ್ಚಿನ ನೀರು ಹೊರಗೆ ಹೋಗಬೇಕಾದ ಕೋಡಿಗೆ ಮುಳ್ಳುಕಂಟಿ ಬಂದು ಕಟ್ಟಿಕೊಂಡಿತು. ಕಂಟಿ ಬಿಡಿಸಿ, ಎರಡೂ ತೂಬು ತೆಗೆಯಬೇಕಾದ ನೀರಗಂಟಿ, ಕುಳ್ಳಯ್ಯನ ಅಪ್ಪ ಚಿಕ್ಕಮಾದ, ಅಂದು ಊರಲ್ಲಿ ಇರಲಿಲ್ಲ. ಪಕ್ಷದ ಹಬ್ಬಕ್ಕೆ ಮೂರು ದಿನ ಇದೆ ಎನ್ನುವಾಗ, ಮಧ್ಯಾಹ್ನದ ಹೊತ್ತಿನಲ್ಲಿ, ಏರಿ ಒಡೆಯಿತು. ನೀರು ಮೊದಲು ಹೊಕ್ಕಿದ್ದು ಏರಿಯ ಕೆಳಗೇ ಇದ್ದ ಅವರದೇ ಬೀದಿಗೆ. ಒಂಬತ್ತು ಮನೆ ಹೋದವು. ಏಳು ಜನ ಹೋದರು. ಅವರಲ್ಲಿ ಇಬ್ಬರು ಚಿಕ್ಕಮಾದನ ಮಕ್ಕಳು. ಹಿರಿಯ ಮಗಳು ದೊಡ್ಡತಾಯಮ್ಮನಿಗೆ ಆಗ ಹನ್ನೆರಡು ವರ್ಷ. ತಾಯಿ ಕಳೆ ಕೀಳಲು ಹೋಗಿದ್ದಳು. ದೊಡ್ಡತಾಯಮ್ಮ ನಾಲ್ಕು ವರ್ಷದ ಕುಳ್ಳಯ್ಯನನ್ನು ಎತ್ತಿಕೊಂಡು ಹೊಂಗೆ ಮರ ಹತ್ತಿ ಉಳಿದಳು.

ಚಿಕ್ಕಮಾದ ಬಂದದ್ದು ಮಾರನೆಯ ದಿನ. ಎಲ್ಲಿ ಹೋಗಿದ್ದೆ ಎಂದು ಪಟೇಲ ಕೇಳಿದ, ಅಮಲ್ದಾರ ಕೇಳಿದ, ಹೆಂಡತಿ ಎದೆ ಬಡಿದುಕೊಂಡು ಕೇಳಿದಳು. ಅವನು ಹೇಳಲಿಲ್ಲ. ಹೆಂಡದಂಗಡಿಯಲ್ಲಿ ಬಿದ್ದಿದ್ದ ಎಂದು ಕೆಲವರು, ಪಕ್ಕದ ಊರಲ್ಲಿ ಯಾವಳೋ ಇದ್ದಳು ಎಂದು ಕೆಲವರು. ಅವನು ಮತ್ತೆ ಹನ್ನೊಂದು ವರ್ಷ ಬದುಕಿದ. ಮನೆಯಲ್ಲಿ ಅವನೊಡನೆ ಮಾತಾಡುತ್ತಿದ್ದವನು ಕುಳ್ಳಯ್ಯ ಒಬ್ಬನೇ. ಕೋಲಿಗೆ ಕಿವಿಯಿಟ್ಟು ನೀರು ಕೇಳುವುದನ್ನು ಅವನಿಗೆ ಕಲಿಸಿದ್ದು ಆ ಅಪ್ಪನೇ.

ಅವನ ತಾಯಿ ಸಾಯುವಾಗ ಮಕ್ಕಳಿಬ್ಬರನ್ನೂ ಕರೆದು ಒಂದೇ ಮಾತು ಹೇಳಿದ್ದಳು: "ನನ್ನ ಪಕ್ಕದಲ್ಲಿ ಅವನಿಗೆ ಎಡೆ ಇಡಬ್ಯಾಡಿ."

ಪಕ್ಷದ ಹಬ್ಬವೆಂದರೆ ಮಹಾಲಯ ಅಮಾವಾಸ್ಯೆ. ಆ ದಿನ ಆ ಕಡೆಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ. ಹೆಸರು ಹೇಳಿ ಬಡಿಸುವುದು. ಅವರವರಿಗೆ ಇಷ್ಟವಾದದ್ದು ಅವರವರ ಎಲೆಗೆ. ಧೂಪ ಹಾಕಿ ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಗೊರವನಕಟ್ಟೆಯ ಆ ಮನೆಯಲ್ಲಿ ಮುತ್ತಾತನಿಗೆ ಎಲೆ, ತಾತನಿಗೆ ಎಲೆ, ನೀರು ಪಾಲಾದ ಮಕ್ಕಳಿಬ್ಬರಿಗೂ ಎಲೆ, ತಾಯಿಗೆ ಎಲೆ. ಅಪ್ಪನಿಗೆ ಇಲ್ಲ. ಅದೇ ಊರಿಗೆ ಮದುವೆಯಾಗಿದ್ದ ದೊಡ್ಡತಾಯಮ್ಮ ಪ್ರತಿ ವರ್ಷ ತೌರಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಎಲೆಗಳನ್ನು ಎಣಿಸಿ ನೋಡಿಯೇ ಧೂಪ ಹಾಕಿಸುತ್ತಿದ್ದಳು. ಒಮ್ಮೆ ಕುಳ್ಳಯ್ಯ ಮೂಲೆಯಲ್ಲಿ ಒಂದು ಸಣ್ಣ ಎಲೆ ಹಾಸಿದ್ದನಂತೆ. "ಇದ್ಯಾರಿಗ್ಲಾ?" ಎಂದಳಂತೆ ಅಕ್ಕ. ಅವನು ಉತ್ತರ ಕೊಡುವ ಮೊದಲೇ, "ಅದ ಇಟ್ರೆ ನಾನು ಈ ಒಸ್ಲು ತುಳಿಯಾಕಿಲ್ಲ ಕಣ್ಲಾ ಕುಳ್ಳ," ಎಂದಳಂತೆ. ಅವನನ್ನು ಮರ ಹತ್ತಿಸಿದ ಅಕ್ಕ. ಅವನು ಎಲೆ ಎತ್ತಿಬಿಟ್ಟ.

"ನಮ್ಮಪ್ಪ ಸುಮ್‌ಸುಮ್ನೆ ಏರಿ ಬುಟ್ಟು ಓಗೋ ಆಳಲ್ಲ ಮೇಷ್ಟ್ರೇ," ಎಂದು ಕುಳ್ಳಯ್ಯ ಹೇಳುತ್ತಿದ್ದ. "ಯಾವುದೋ ಕೆಲ್ಸ ಇತ್ತು. ಯಾರೋ ಕಳಿಸಿದ್ರು. ಅದೆಲ್ಲಾದ್ರೂ ಬರ್ದಿರ್ತದೆ. ಸರ್ಕಾರ ಅಂದ್ರೆ ಬರೀದೆ ಇರ್ತದಾ?"

ಶಿವಲಿಂಗಯ್ಯನಿಗೆ ಹಳೆಯ ಕಾಗದ ಓದುವುದು ಗೊತ್ತಿತ್ತು. ಶಾನುಭೋಗರ ಕೂಡಿಸಿ ಎಳೆದು ಬರೆದ ಮೋಡಿ ಅಕ್ಷರವನ್ನು ತಾತನಿಂದ ಕಲಿತಿದ್ದ. ಜಮೀನಿನ ಕಾಗದ ಹಿಡಿದುಕೊಂಡು ಪಾಂಡವಪುರ, ಕೆ.ಆರ್. ಪೇಟೆಗಳಿಂದಲೂ ಜನ ಬರುತ್ತಿದ್ದರು. ತೊಂಬತ್ತರಲ್ಲಿ ಕುಳ್ಳಯ್ಯ ನಿವೃತ್ತನಾಗಿ ಊರಿಗೆ ಹೋದ. ಮೂರು ವರ್ಷದ ಮೇಲೆ ಶಿವಲಿಂಗಯ್ಯನೂ ನಿವೃತ್ತನಾದ. ಆಮೇಲೆ ಇಬ್ಬರೂ ಸೇರಿ ಹುಡುಕಿದರು. ಬಸ್ಸುಗಳಲ್ಲಿ ತಿರುಗಿ, ಕಚೇರಿಗಳ ಮುಂದಿನ ಕಲ್ಲುಬೆಂಚುಗಳ ಮೇಲೆ ಕೂತು, ಒಂದೊಂದು ಕಾಗದದ ಕಟ್ಟಿಗಾಗಿ ಎರಡೆರಡು ದಿನ ಕಾದರು. ನೀರಗಂಟಿ ಎನ್ನುವ ಹೆಸರಿನಡಿ ಏನೂ ಸಿಗಲಿಲ್ಲ. ಶಿವಲಿಂಗಯ್ಯ ವಿವರಿಸಿದ: "ಒಬ್ಬನೇ ಮನುಷ್ಯನಿಗೆ ಕೆರೆ ಕಾಗದದಲ್ಲಿ ನೀರಗಂಟಿ ಅಂತ ಇರುತ್ತೆ. ಕಂದಾಯದ ಕಾಗದ ಹೊತ್ತುಕೊಂಡು ಹೋದ ದಿನ ಅವನನ್ನೇ ತೋಟಿ ಅಂತ ಬರೆದಿರ್ತಾರೆ. ಕಾವಲಿಗೆ ನಿಲ್ಲಿಸಿದರೆ ತಳವಾರ. ಕೆಲಸಕ್ಕೆ ತಕ್ಕ ಹೆಸರು. ಎಲ್ಲದರಲ್ಲೂ ನೋಡಬೇಕು."

"ಒಂದೇ ಒಟ್ಟೆಗೆ ಮೂರು ಎಸ್ರು ಅನ್ನಿ," ಎಂದ ಕುಳ್ಳಯ್ಯ.

ತೊಂಬತ್ತಾರರ ಶ್ರಾವಣದಲ್ಲಿ ಆ ಊರಿನ ಹಳೆಯ ಶಾನುಭೋಗರ ಮೊಮ್ಮಗ ಕೆ.ಆರ್. ಪೇಟೆಯಲ್ಲಿರುವುದು ತಿಳಿಯಿತು. ಒಳ್ಳೆಯ ಮನುಷ್ಯ. ಅಟ್ಟದಿಂದ ಕೆಂಪು ಬಟ್ಟೆಯ ಒಂದು ಗಂಟು ಇಳಿಸಿ, "ಗೆದ್ದಲು ತಿನ್ನೋದಕ್ಕಿಂತ ನೀವು ಓದೋದು ವಾಸಿ, ತಗೊಂಡು ಹೋಗಿ," ಎಂದರು. ಬಾಬುರಾಯನಕೊಪ್ಪಲಿನ ಮನೆಯ ಜಗುಲಿಯಲ್ಲಿ ಗಂಟು ಬಿಚ್ಚಿದ ನಾಲ್ಕನೆಯ ದಿನ ಶಿವಲಿಂಗಯ್ಯನಿಗೆ ಆ ಹಾಳೆ ಸಿಕ್ಕಿತು. ಹಳದಿಗಟ್ಟಿದ ಒಂದು ಚೂರು. ಅವನು ಎರಡು ಸಲ ತನ್ನಷ್ಟಕ್ಕೆ ಓದಿಕೊಂಡು, ಮೂರನೆಯ ಸಲ ಕುಳ್ಳಯ್ಯನಿಗೆ ಕೇಳುವಂತೆ ಓದಿದ:

"ಧಾತು ಸಂವತ್ಸರದ ಭಾದ್ರಪದ ಬಹುಳ ದಶಮಿ ದಿವಸ, ಪಟೇಲರ ಹುಕುಂ ಪ್ರಕಾರ, ಸದರಿ ಗ್ರಾಮದ ನೀರಗಂಟಿ ಚಿಕ್ಕಮಾದ ಬಿನ್ ಕುಳ್ಳ ಎಂಬುವನನ್ನು ತೋಟಿ ಕೆಲಸಕ್ಕೆ ಬದಲಿ ಮಾಡಿ, ರಾಗಿ ಮೂಟೆ ಗಾಡಿ ಎರಡರ ಸಂಗಡ ಕೆರೆ ಅಂಗಳದ ದಾರಿಯಾಗಿ ಹಿರೋಡೆಗೆ ಕಳುಹಿಸಿದೆ. ಮೂರು ದಿವಸಕ್ಕೆ ವಾಪಸು."

ಹಿರೋಡೆ ಅಂದರೆ ಪಾಂಡವಪುರದ ಹಳೆಯ ಹೆಸರು. ಬಿನ್ ಅಂದರೆ ಮಗ. ಕುಳ್ಳನ ಮಗ ಚಿಕ್ಕಮಾದ. ಮೂವತ್ತಾರನೇ ಇಸವಿ ಧಾತು ಸಂವತ್ಸರ. ಶಿವಲಿಂಗಯ್ಯ ಪಂಚಾಂಗ ತೆಗೆದು ತೋರಿಸಿದ. ದಶಮಿಗೆ ಹೊರಟವನು ಮೂರು ದಿನಕ್ಕೆ ತಿರುಗಿ ಬಂದರೆ ತ್ರಯೋದಶಿ. ಏರಿ ಒಡೆದದ್ದು ಅಮಾವಾಸ್ಯೆಗೆ ಮೂರು ದಿನ ಮುಂಚೆ, ದ್ವಾದಶಿ. ಅಪ್ಪ ಬಂದದ್ದು ಮಾರನೆಯ ದಿನ. ಎಲ್ಲವೂ ಬಂದು ಕೂತುಕೊಂಡಿತು.

ಕುಳ್ಳಯ್ಯ ಹಾಳೆಯ ಹತ್ತಿರಕ್ಕೆ ಸರಿದು ಕೂತ. ಆಮೇಲೆ, "ಇನ್ನೊಂದ್ಸಾರಿ ಓದಿ," ಎಂದ. ಅಂದು ಅವನು ಒಂಬತ್ತು ಸಲ ಓದಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು, "ನಾನೇಳ್ನಿಲ್ವಾ? ಪಟೇಲ ಕಳಿಸಿದ್ದು. ಅವ್ನ ತಪ್ಪು ಎತ್ತಿ ಆಡಾಕೆ ನಮ್ಮಪ್ಪನ ಕೈಲಿ ಆಗ್ತಿತ್ತಾ? ಆ ಕಾಲ್ದಲ್ಲಿ, ನಮ್ಮೋನು?" ಎಂದ. ಅರವತ್ತನಾಲ್ಕು ವರ್ಷದ ಮನುಷ್ಯ ಬಸ್ ಸ್ಟ್ಯಾಂಡಿನವರೆಗೆ ಹುಡುಗನ ಹಾಗೆ ಬಿರುಸಾಗಿ ನಡೆದುಹೋದ.

ಮುಂದಿನ ವಾರ ಶಿವಲಿಂಗಯ್ಯನೇ ಗೊರವನಕಟ್ಟೆಗೆ ಹೋಗಿ ದೊಡ್ಡತಾಯಮ್ಮನಿಗೆ ಕಾಗದ ಓದಿ ಹೇಳಿದ. ಎಪ್ಪತ್ತೆರಡು ವರ್ಷದ ಮುದುಕಿ. ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಪಟೇಲ ಕಳಿಸಿದ್ನಾ?"

"ಅಂಗಂತ ಬರ್ದದೆ ಅಕ್ಕ," ಎಂದ ಕುಳ್ಳಯ್ಯ.

"ನಿನ್ನ ಕೇಳ್ಳಿಲ್ಲ. ಮೇಷ್ಟ್ರ ಕೇಳ್ದೆ."

"ಹಾಗೇ ಇದೆ ದೊಡ್ಡತಾಯಮ್ಮ," ಎಂದ ಶಿವಲಿಂಗಯ್ಯ.

"ಎಲ್ಲದೆ ಅವ್ನ ಎಸ್ರು?"

ಅವನು ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟ. ಆಕೆ ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತಳು. ಆಮೇಲೆ ಮೊರ ಎತ್ತಿಕೊಂಡು ಎದ್ದು, ಒಳಗೆ ಹೋಗುತ್ತ, "ಪಕ್ಷಕ್ಕೆ ಎಲೆ ಇಡ್ಲಾ ಕುಳ್ಳ," ಎಂದಳು.

ಮುಂದಿನ ಒಂದು ತಿಂಗಳಲ್ಲಿ ಆಕೆ ಅರವತ್ತು ವರ್ಷ ಆಡದ ಮಾತುಗಳನ್ನು ಆಡಿದಳು ಎಂದು ಪುಟ್ಟಲಕ್ಷ್ಮಮ್ಮ ಹೇಳುತ್ತಿದ್ದಳು. ಅಪ್ಪನಿಗೆ ಕೆಸವಿನ ಸೊಪ್ಪಿನ ಸಾರು ಇಷ್ಟ, ಹುಣಸೆ ಮುಂದಿರಬೇಕು. ಉಂಡಮೇಲೆ ಎಲೆಯಡಿಕೆಗೆ ಹೊಗೆಸೊಪ್ಪು ಬೇಕೇ ಬೇಕು. ಹೆಗಲ ಮೇಲೆ ಕೆಂಪು ಅಂಚಿನ ಟವಲು ಇಲ್ಲದೆ ಏರಿ ಹತ್ತುತ್ತಿರಲಿಲ್ಲ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿದ್ದ ಕುಳ್ಳಯ್ಯನ ಮಗ ಹಬ್ಬಕ್ಕೆ ಅಂಥದೇ ಟವಲೊಂದನ್ನು ತರಬೇಕೆಂದು ಹೇಳಿಕಳಿಸಿದಳು. ಬೀದಿಯಲ್ಲಿ ಹೋಗುವವರನ್ನು ಕರೆದು, "ನಮ್ಮಪ್ಪನ್ನ ಪಟೇಲ ಇರೋಡೆಗೆ ಕಳಿಸಿದ್ನಂತೆ ಕಣಮ್ಮಿ," ಎನ್ನುತ್ತಿದ್ದಳು.

ಹಬ್ಬಕ್ಕೆ ಎಂಟು ದಿನ ಇರುವಾಗ ಕುಳ್ಳಯ್ಯ ಮೊದಲ ಬಸ್ಸಿಗೇ ಬಾಬುರಾಯನಕೊಪ್ಪಲಿಗೆ ಬಂದ. ಕಾಫಿ ಬೇಡವೆಂದ. ಕೂರಲೂ ಇಲ್ಲ.

"ಅದೆಂಥದೋ ದಾರಿ ಅಂತ ಅದೆಯಲ್ಲಾ ಮೇಷ್ಟ್ರೇ, ಅದನ್ನಷ್ಟೇ ಓದಿ."

"ಕೆರೆ ಅಂಗಳದ ದಾರಿಯಾಗಿ ಹಿರೋಡೆಗೆ."

"ಕೆರೆ ಅಂಗಳಾನೇ? ಏರಿ ಮ್ಯಾಲೆ ಅಂತ ಇಲ್ವಾ?"

"ಇಲ್ಲ. ಅಂಗಳ ಅಂತಲೇ ಇದೆ. ಯಾಕಯ್ಯ?"

ಕುಳ್ಳಯ್ಯ ಕಂಬಕ್ಕೆ ಒರಗಿದ. "ಕೆರೆ ಅಂಗಳ್ದಲ್ಲಿ ತುಂಬಿದ ಗಾಡಿ ಓಗಬೇಕು ಅಂದ್ರೆ ಕೆರೆ ಒಣಗಿ, ಮಣ್ಣು ಬಿರ್ಕು ಬುಟ್ಟು, ಎರಡು ತಿಂಗ್ಳಾದ್ರೂ ಆಗಿರ್ಬೇಕು. ಇಲ್ದಿದ್ರೆ ಗಾಲಿ ಗುಂಬದ ಗಂಟ ಊತ್ಕತದೆ. ದಶಮಿ ದಿವ್ಸ ಗಾಡಿ ಓಡಾಡಿದ ಕೆರೆ, ದ್ವಾದಶೀಲಿ ಎಂಗೆ ತುಂಬಿ ಒಡೀತದೆ?"

"ಎರಡು ದಿನ ಅಷ್ಟು ಮಳೆ ಬಂದಿದ್ದರೆ?"

"ಬರಾಕಿಲ್ಲ. ಆ ಕೆರೆ ನಂಗೊತ್ತಿಲ್ವಾ? ಬರೀ ಒಟ್ಟೇಲಿ ಇದ್ದದ್ದು ತುಂಬಾಕೆ ಇಪ್ಪತ್ತು ದಿವ್ಸದ ಮಳೆ ಬೇಕು. ಅದೂ ಅಲ್ದೆ, ಆ ವರ್ಷ ಗೌರಿ ಹಬ್ಬದ ಒತ್ತಿಗೇ ಕೆರೆ ತುಂಬಿತ್ತಂತೆ. ಗೌರಮ್ಮನ ಬುಡಾಕೆ ಓದಾಗ ಕಾಲು ಜಾರಿ ಬಿದ್ದು ಲಂಗ ನೆನಸ್ಕಂಡೆ ಅಂತ ಮೊನ್ನೆ ಅಕ್ಕ ನಗ್ತಾ ಯೋಳಿದ್ಲು. ಅವ್ಳು ನಕ್ಕಿದ್ದ ನಾ ನೋಡಿದ್ದೇ ಇಲ್ಲ ಮೇಷ್ಟ್ರೇ. ಅವ್ಳು ನಗ್ತಿದ್ರೆ ನಾ ಅಲ್ಲಿಂದ ಎದ್ದು ಬಂದ್ಬುಟ್ಟೆ."

ಶಿವಲಿಂಗಯ್ಯ ಹಾಳೆಯನ್ನು ಬೆಳಕಿಗೆ ಹಿಡಿದ. ಈಗ ಕಂಡದ್ದೆಲ್ಲ ಮೊದಲ ದಿನವೇ ಕಂಡಿತ್ತು. ಅಕ್ಷರ ಉಕ್ಕಿನ ನಿಬ್ಬಿನದಲ್ಲ, ಹಳೆಯ ಕಾಲದ ಜೊಂಡಿನ ಲೆಕ್ಕಣಿಕೆಯದು. ಕಾಗದ ಅರವತ್ತು ವರ್ಷಕ್ಕಿಂತ ಬಹಳ ಹಳೆಯದು. ಪ್ರಭವ, ವಿಭವ ಎಂದು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನಿಗೆ, ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತಾರು ಧಾತುವಾದರೆ ಅದಕ್ಕೆ ಅರವತ್ತು ವರ್ಷ ಹಿಂದಿನದೂ ಧಾತು. ಸಾವಿರದ ಎಂಟುನೂರ ಎಪ್ಪತ್ತಾರು. ಧಾತು ಈಶ್ವರದ ಬರ ಎಂದು ಮೈಸೂರು ಸೀಮೆಯ ಮುದುಕರು ಈಗಲೂ 'ಬ್ಯಾಡಪ್ಪಾ' ಎಂದು ನೆನೆಯುವ ಕಾಲ. ಕೆರೆಗಳೆಲ್ಲ ಒಣಗಿ, ಜನ ಹುಣಸೆಬೀಜ ಬೇಯಿಸಿ ತಿಂದ ಕಾಲ. ಒಣಗಿದ ಕೆರೆಯ ನೀರಗಂಟಿಗೆ ತೂಬಿನ ಕೆಲಸ ಎಲ್ಲಿತ್ತು? ರಾಗಿ ಗಾಡಿಯ ಹಿಂದೆ ಕಳುಹಿಸಿದ್ದರು.

ಹೆಸರು? ತಾತನ ಹೆಸರು ಮೊಮ್ಮಗನಿಗೆ. ಕುಳ್ಳನ ಮಗ ಚಿಕ್ಕಮಾದ, ಅವನ ಮಗ ಕುಳ್ಳ, ಆ ಕುಳ್ಳನ ಮಗ ಮತ್ತೆ ಚಿಕ್ಕಮಾದ, ಅವನ ಮಗ ಈ ಕುಳ್ಳಯ್ಯ. ಅರವತ್ತು ವರ್ಷಕ್ಕೆ ಸಂವತ್ಸರ ಒಂದು ಸುತ್ತು ಬರುವಷ್ಟರಲ್ಲಿ ಆ ಮನೆಯ ಹೆಸರೂ ಸುತ್ತಿ ಬಂದು ಅಲ್ಲೇ ನಿಂತಿತ್ತು. ಕಾಗದದಲ್ಲಿದ್ದವನು ಅವನ ಅಪ್ಪನಲ್ಲ. ಅಪ್ಪನ ತಾತ.

ತಿಥಿ ಹೊಂದಿಬಂದದ್ದು? ಸುಮ್ಮನೆ ಹೊಂದಿತ್ತು. ಅಷ್ಟೆ. ಬೇಕೆಂದು ಹುಡುಕಿದವನಿಗೆ ಅಷ್ಟು ಸಾಕಾಗಿತ್ತು.

ಶಿವಲಿಂಗಯ್ಯ ಎಲ್ಲವನ್ನೂ ಬಿಡಿಸಿ ಹೇಳಿದ. ತನ್ನದೇ ತಪ್ಪು ಎಂದೂ ಹೇಳಿದ. ಕುಳ್ಳಯ್ಯ ಬೈದಿದ್ದರೆ ಚೆನ್ನಾಗಿತ್ತು.

"ಅಂಗಾದ್ರೆ ನಮ್ಮಪ್ಪ ಎಲ್ಲಿದ್ದ?" ಎಂದು ಕೇಳಿದ.

"ಗೊತ್ತಿಲ್ಲ ಕುಳ್ಳಯ್ಯ."

"ಎಲ್ಲೂ ಬರ್ದಿಲ್ವಾ?"

"ಇದ್ದ ಗಂಟು ಇದೊಂದೇ."

ನಾಲೆಯ ಕಡೆಯಿಂದ ನೀರಿನ ಸದ್ದು ಬರುತ್ತಿತ್ತು. ಶಿವಲಿಂಗಯ್ಯ ತಗ್ಗಿದ ದನಿಯಲ್ಲಿ ಹೇಳಿದ: "ಇದು ಗೊತ್ತಿರೋದು ನಮ್ಮಿಬ್ಬರಿಗೆ. ನೀನು ಹೇಳಬೇಡ, ನಾನೂ ಹೇಳಲ್ಲ. ಎಲೆ ಇಡು. ಆ ಮುದುಕಿಗೂ ಸಮಾಧಾನ, ನಿನಗೂ ಸಮಾಧಾನ."

ಕುಳ್ಳಯ್ಯ ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

"ಹೋಗಲಿ, ಹೀಗೆ ತಿಳಕೋ. ನಿಮ್ಮ ಮುತ್ತಾತ ಚಿಕ್ಕಮಾದನಿಗೆ ವರ್ಷಾ ವರ್ಷಾ ಎಲೆ ಹಾಕ್ತಾ ಬಂದಿದ್ದೀರಿ. ಚಿಕ್ಕಮಾದ ಅಂತ ಕೂಗಿದಾಗ ನಿಮ್ಮಪ್ಪನೂ ಬಂದು ಉಂಡಿರ್ತಾನೆ."

"ಎಸ್ರು ಒಂದಾದ್ರೆ ಅಸಿವೂ ಒಂದಾಯ್ತದಾ ಮೇಷ್ಟ್ರೇ?" ಎಂದ ಕುಳ್ಳಯ್ಯ.

ಹಬ್ಬದ ದಿನ ಶಿವಲಿಂಗಯ್ಯ ಗೊರವನಕಟ್ಟೆಯಲ್ಲಿದ್ದ. ಕರೆದಿದ್ದರು, ಹೋಗದಿದ್ದರೆ ದೊಡ್ಡತಾಯಮ್ಮ ಬಿಡುತ್ತಿರಲಿಲ್ಲ. ನಡುಮನೆ ಸಾರಿಸಿ, ಗೋಡೆಯುದ್ದಕ್ಕೆ ಆರು ಎಲೆ ಹಾಸಿದ್ದರು. ತಾತನ ಎಲೆಗೂ ತಾಯಿಯ ಎಲೆಗೂ ನಡುವೆ ಹೊಸ ಎಲೆ. ಎಲ್ಲಕ್ಕಿಂತ ದೊಡ್ಡದು, ಆಕೆಯೇ ಆರಿಸಿ ಕೊಯ್ದದ್ದು. ಅದರ ಪಕ್ಕ ಕೆಂಪು ಅಂಚಿನ ಟವಲು, ಎಲೆಯಡಿಕೆ, ಹೊಗೆಸೊಪ್ಪು. ಕೆಸವಿನ ಸೊಪ್ಪಿನ ಸಾರಿನ ಹುಳಿವಾಸನೆ ಬೀದಿಯವರೆಗೂ ಬರುತ್ತಿತ್ತು. ಕುಳ್ಳಯ್ಯ ಒದ್ದೆ ಪಂಚೆಯಲ್ಲಿ ಬಗ್ಗಿ, ಒಂದೊಂದು ಎಲೆಯ ಮುಂದೆಯೂ ಹೆಸರು ಹೇಳಿ ನೀರು ಬಿಡುತ್ತ ಬಂದ. ಮುತ್ತಾತ ಚಿಕ್ಕಮಾದ. ತಾತ ಕುಳ್ಳ. ಹೊಸ ಎಲೆಯ ಮುಂದೆ ಬಂದು ನಿಂತ. ಚೊಂಬು ಕೈಯಲ್ಲೇ ಇತ್ತು.

"ಯೋಳ್ಲಾ," ಎಂದಳು ಅಕ್ಕ.

ಅವನು ಚೊಂಬನ್ನು ಕೆಳಗಿಟ್ಟ.

"ಅಪ್ಪನ ಎಸ್ರು ಮರ್ತೋಯ್ತೇನ್ಲಾ ಮುಂಡೇದೆ? ಸಾರು ಆರೋಯ್ತದೆ, ಯೋಳು."

"ಅಕ್ಕ," ಎಂದ ಕುಳ್ಳಯ್ಯ, ತಿರುಗದೆ. "ಆ ಕಾಗ್ದ ಅಪ್ಪಂದಲ್ಲ."

ಅವನು ಎಲ್ಲವನ್ನೂ ಹೇಳಿದ: ಕೆರೆ ಅಂಗಳ, ಗಾಡಿ, ಗೌರಮ್ಮನ ಬಿಟ್ಟ ದಿನ ನೆನೆದ ಲಂಗ. "ಇರೀಕರ ಮುಂದೆ ನಿಂತ್ಕಂಡು ನಾನು ಸುಳ್ಳು ಎಸ್ರು ಕೂಗಾಕಿಲ್ಲ ಅಕ್ಕ. ಅಪ್ಪ ಅಂತ ನಾನು ಕೂಗ್ತೀನಿ. ಎಲ್ಲಿದ್ದ ಅಂತ ಗೊತ್ತಿಲ್ದೇನೇ ಕೂಗ್ತೀನಿ. ನೀ ಊ ಅನ್ನು."

ದೊಡ್ಡತಾಯಮ್ಮ ಅವನನ್ನು ನೋಡಲಿಲ್ಲ. ಶಿವಲಿಂಗಯ್ಯನ ಕಡೆ ತಿರುಗಿದಳು.

"ಔದಾ ಮೇಷ್ಟ್ರೇ?"

ಆ ಒಂದು ಗಳಿಗೆಯಲ್ಲಿ ಇಲ್ಲವೆನ್ನಬಹುದಾಗಿತ್ತು. ಕುಳ್ಳಯ್ಯನಿಗೆ ಓದು ಬರುವುದಿಲ್ಲ, ಅವನಿಗೇನು ಗೊತ್ತು ಎನ್ನಬಹುದಾಗಿತ್ತು. ಆಕೆ ಮೇಷ್ಟ್ರ ಮಾತನ್ನೇ ನಂಬುತ್ತಿದ್ದಳು. ಶಿವಲಿಂಗಯ್ಯ ಮುಂದೆ ಎಷ್ಟೋ ದಿನ ಆ ಗಳಿಗೆಗೆ ತಿರುಗಿ ಹೋಗಿದ್ದಾನೆ.

"ಹೌದು ದೊಡ್ಡತಾಯಮ್ಮ," ಎಂದ.

ಆಕೆ ಕೂಗಾಡಲಿಲ್ಲ. ಬಗ್ಗಿ, ಬಡಿಸಿದ್ದ ಎಲೆಯನ್ನು ಎರಡೂ ಕೈಯಲ್ಲಿ, ಸಾರು ಚೆಲ್ಲದ ಹಾಗೆ ಎತ್ತಿಕೊಂಡು, ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ಇಟ್ಟು ಬಂದಳು. ಟವಲನ್ನು ತೆಗೆದು ಕುಳ್ಳಯ್ಯನ ಹೆಗಲ ಮೇಲೆ ಹಾಕಿದಳು. "ಧೂಪ ಆಕು," ಎಂದಳು. ಅವನು ಧೂಪ ಹಾಕಿದ. ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಆ ದಿನ ಕುಳ್ಳಯ್ಯ ಉಣ್ಣಲಿಲ್ಲ. ಹಬ್ಬದ ಮನೆಯಲ್ಲಿ ಯಾರೂ ಅವನನ್ನು ಉಣ್ಣು ಎನ್ನಲೂ ಇಲ್ಲ.

ಅದಾದ ಮೇಲೆ ಅವನು ಕೆರೆಯ ಕಡೆ ಹೋಗುವುದನ್ನು ಬಿಟ್ಟ. ಊರಲ್ಲಿ ಬೋರ್‌ವೆಲ್ಲುಗಳು ಬಂದಿದ್ದವು, ಕೆರೆ ಹೂಳು ತುಂಬಿಕೊಂಡಿತ್ತು. ಅಲ್ಲಿ ಕೇಳಬೇಕಾದ ನೀರೂ ಹೆಚ್ಚಿರಲಿಲ್ಲ. ಬಾಬುರಾಯನಕೊಪ್ಪಲಿಗೆ ಒಂದೇ ಸಲ ಬಂದ. ನಾಲೆಯ ಏರಿಯ ಮೇಲೆ ಇಬ್ಬರೂ ಕೂತಿದ್ದಾಗ ಶಿವಲಿಂಗಯ್ಯ ಇನ್ನೊಂದು ಕಚೇರಿಯ ಹೆಸರು ಹೇಳಿ, ಅಲ್ಲೂ ನೋಡೋಣ ಎಂದ. "ಬ್ಯಾಡಿ ಮೇಷ್ಟ್ರೇ," ಎಂದ ಕುಳ್ಳಯ್ಯ. "ಇನ್ನೇನಾದ್ರೂ ಸಿಕ್ಬುಟ್ರೆ?" ಅವನ ಹೆಗಲ ಮೇಲೆ ಕೆಂಪು ಅಂಚಿನ ಟವಲಿತ್ತು. ಕೋಲು ಪಕ್ಕದಲ್ಲೇ ಬಿದ್ದಿದ್ದರೂ ಅವನು ಅದನ್ನು ತೂಬಿಗೆ ಊರಲಿಲ್ಲ.

ಮಾಘದಲ್ಲಿ, ಒಂದು ಬೆಳಿಗ್ಗೆ, ಹಟ್ಟಿ ಬಾಗಿಲಲ್ಲಿ ಕೂತವನು ಕೂತ ಹಾಗೆಯೇ ಒರಗಿಕೊಂಡ. ಎದೆನೋವು ಎಂದರು. ಶಿವಲಿಂಗಯ್ಯನಿಗೆ ಸುದ್ದಿ ತಲುಪಿ, ಎರಡು ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಮರುವರ್ಷ, ಈಶ್ವರ ಸಂವತ್ಸರದ ಪಕ್ಷಕ್ಕೆ, ಪುಟ್ಟಲಕ್ಷ್ಮಮ್ಮ ಹೇಳಿಕಳಿಸಿದಳು. ಶಿವಲಿಂಗಯ್ಯ ಹೋದ. ಮತ್ತೆ ಆರು ಎಲೆ. ಹೊಸ ಎಲೆ ಈ ಸಲ ಸಾಲಿನ ಕೊನೆಯಲ್ಲಿತ್ತು. ಹೆಸರು ಹೇಳಿದವನು ಕುಳ್ಳಯ್ಯನ ಮಗ. ಕುಳ್ಳಯ್ಯನ ಎಲೆಯ ಪಕ್ಕ, ಒಗೆದು ಮಡಿಸಿದ ಆ ಟವಲನ್ನು ದೊಡ್ಡತಾಯಮ್ಮ ಇಟ್ಟಿದ್ದಳು. ತಾತನ ಎಲೆಗೂ ತಾಯಿಯ ಎಲೆಗೂ ನಡುವೆ ಸಾರಿಸಿದ ನೆಲ ಮಾತ್ರ ಇತ್ತು. ಅವಳು ಎಂದಿನಂತೆ ಎಲೆಗಳನ್ನು ಎಣಿಸಿದಳು.

ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತರು. ಆಕೆ ಜಗುಲಿಯ ಅಂಚಿನಲ್ಲಿ ಶಿವಲಿಂಗಯ್ಯನ ಪಕ್ಕ ಕೂತಳು. ಕಣ್ಣು ಒಣಗಿದ್ದವು.

"ಆ ಕಾಗ್ದ ಅದಾ ಮೇಷ್ಟ್ರೇ?"

"ಇದೆ."

"ಅದ್ರಲ್ಲಿರೋನು ವಾಪಸ್ ಬಂದ್ನಾ?"

"ಮೂರು ದಿವಸಕ್ಕೆ ವಾಪಸು ಅಂತ ಬರೆದಿದೆ. ಬಂದದ್ದು ಬರೆದಿಲ್ಲ."

ಆಕೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದಳು. "ಎರಡು ಕೈಲಿ ಮೂರು ಮಕ್ಕಳ್ನ ಇಡ್ಕಳಾಕೆ ಆಯ್ತದಾ? ನೀವು ಓದ್ದೋರು, ಯೋಳಿ. ಕುಳ್ಳ ಸೊಂಟದ ಮ್ಯಾಲಿದ್ದ. ಅವೆರಡೂ ನನ್ನ ಕೈ ಇಡ್ಕಂಡಿದ್ವು. ಮರ ಅತ್ತಬೇಕು ಅಂದ್ರೆ ಕೈ ಬುಡ್ಬೇಕಲ್ಲ. ಅವ್ರಪ್ಪ ಇದ್ದಿದ್ರೆ ನಾಕು ಕೈ ಆಗ್ತಿತ್ತು."

ಶಿವಲಿಂಗಯ್ಯ ಆ ಕೈಗಳನ್ನು ನೋಡಿದ.

"ಕುಳ್ಳಂಗೆ ಇದ ಯೋಳ್ನಿಲ್ಲ ನಾನು. ಅವ್ನು ಉಳ್ದಿದ್ದು ಎಂಗೆ ಅಂತ ಯೋಳಿದ್ರೆ ಅವ್ನು ಉಣ್ತಿರ್ನಿಲ್ಲ." ಸ್ವಲ್ಪ ತಡೆದು ಅವಳೇ ಹೇಳಿದಳು: "ಈಗ್ಲೂ ಉಣ್ಣಾಕಿಲ್ಲ ಬುಡಿ. ಅವ್ರಪ್ಪ ಉಣ್ಣದ ಸಾಲ್ನಲ್ಲಿ ಅವ್ನು ಕೂರಾಕಿಲ್ಲ."

"ಹಾಗಿದ್ದರೆ ಅಲ್ಲೊಂದು ಎಲೆ..." ಎಂದ ಶಿವಲಿಂಗಯ್ಯ.

"ಊಂ ಊಂ," ಎಂದಳು ಆಕೆ. ಸಿಟ್ಟಿರಲಿಲ್ಲ. ಆಗದ ಕೆಲಸವನ್ನು ಆಗದು ಎನ್ನುವ ಹಾಗೆ.

ಪುಟ್ಟಲಕ್ಷ್ಮಮ್ಮ ಚಿಲಕ ಬಡಿದು ಸದ್ದು ಮಾಡಿ ಬಾಗಿಲು ತೆಗೆದಳು. ಧೂಪದ ಹೊಗೆ ಹೊರಗೆ ಬಂತು. ಎಲೆಗಳು ಇಟ್ಟ ಹಾಗೆಯೇ ಇದ್ದವು. ಯಾವಾಗಲೂ ಹಾಗೆಯೇ ಇರುತ್ತವೆ. ದೊಡ್ಡತಾಯಮ್ಮ ಕಂಬ ಹಿಡಿದು ಎದ್ದು ಒಳಗೆ ಹೋಗಿ, ಕೊನೆಯ ಎಲೆಯ ಮುಂದೆ ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಎಲೆಯ ಪಕ್ಕದ ಟವಲನ್ನು ತೆಗೆದು, ಕೊಡವಿ, ಇನ್ನೊಮ್ಮೆ ಮಡಿಸಿ, ಅಲ್ಲೇ ಇಟ್ಟಳು.